ಅರ್ಧ ಮಂಚದ ಅರ್ಜಿ

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ನಿಜ. "ಬಾಡಿಗೆ ರೂಮಲ್ಲಿ ಒಬ್ಬರೇನಾ, ಹಂಚ್ಕೊಂಡಿದ್ದೀರಾ?" ಎಂದು ಕಂಪನಿ ಆಫೀಸಿನ ಗಾಜಿನ ಕಿಟಕಿಯಾಚೆಯ ಗುಮಾಸ್ತ ಕೇಳಿದಾಗ ನಮ್ಮ ಲಿಫ್ಟ್ ಮೆಕ್ಯಾನಿಕ್ "ಒಬ್ಬನೇ ಸಾರ್" ಅಂತ ಒಂದು ಸುಳ್ಳು ಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರಾತ್ರಿಯೆಲ್ಲ ಲಿಫ್ಟುಗಳ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದು, ಬೆಳಗ್ಗೆ ನಿದ್ದೆಗಣ್ಣಲ್ಲೇ ಆಫೀಸಿಗೆ ಬಂದವನಿಗೆ ಸುಳ್ಳು ಹೇಳುವಷ್ಟು ಚುರುಕು ಎಲ್ಲಿಂದ ಬರಬೇಕು?

"ಹಂಚ್ಕೊಂಡಿದ್ದೀವಿ ಸಾರ್" ಎಂದುಬಿಟ್ಟ.

ಗುಮಾಸ್ತ ಬೆರಳಿಗೆ ನೀರು ಹಚ್ಚಿಕೊಂಡು ಕಾಗದ ಎಣಿಸಿದ. "ಹಾಗಾದ್ರೆ ಐದು ಕಾಗದ ಬೇಕು. ಇಲ್ಲಿ ನಾಲ್ಕಿದೆ. ಜೊತೆಗಿರೋರು ಸಹಿ ಹಾಕಿದ ಕಾಗದ ಎಲ್ಲಿ?"

"ಸ್ವಲ್ಪ ಓದಿ ನೋಡಿ ಸಾರ್. ಬಾಡಿಗೆ ರಸೀದಿ, ವಿಳಾಸ, ಎಲ್ಲಾ ಸರಿಯಾಗಿದೆ."

"ನಾನು ಮೊದಲು ಎಣಿಸ್ತೀನಿ, ಆಮೇಲೆ ಓದ್ತೀನಿ. ಲೆಕ್ಕ ಕಮ್ಮಿ ಇರೋ ಫೈಲನ್ನೆಲ್ಲ ಓದ್ತಾ ಕೂತ್ರೆ ನನ್ನ ಕಣ್ಣಿನ ಗತಿಯೇನು? ಈ ವರ್ಷದ ಬಾಡಿಗೆ ಅರ್ಜಿಗೆ ಇವತ್ತೇ ಕೊನೇ ದಿನ. ನಾಲ್ಕು ಗಂಟೆಗೆ ಕಿಟಕಿ ಮುಚ್ತೀನಿ."

ಮೆಕ್ಯಾನಿಕ್ ಹೆಂಡತಿ, ಮಗಳನ್ನು ಬಿಟ್ಟು ಈ ಪರದೇಶಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಬಂದು ಒಂದೂವರೆ ವರ್ಷವಾಗಿತ್ತು. ಕಟ್ಟಿದ ಬಾಡಿಗೆಯನ್ನು ಕಂಪನಿ ವಾಪಸ್ಸು ಕೊಟ್ಟರೆ ಊರಿಗೆ ಹೋಗುವ ಟಿಕೆಟ್ಟು, ಕೊಡದಿದ್ದರೆ ಇಲ್ಲ. ಊರಲ್ಲಿ ಅವನ ಎರಡೂವರೆ ವರ್ಷದ ಪುಟ್ಟಿಗೆ ಅಪ್ಪ ಅಂದರೆ ಫೋನು. ಫೋನನ್ನು ಚಾರ್ಜಿಗೆ ಹಾಕಿದರೆ "ಅಪ್ಪ ಊಟ ಮಾಡ್ತಿದೆ" ಎನ್ನುತ್ತಿದ್ದಳಂತೆ. ಹೆಂಡತಿ ನಗುತ್ತ ಹೇಳಿದ್ದಳು. ಆದರೆ ಅವಳ ನಗು ಅರ್ಧಕ್ಕೇ ನಿಂತುಹೋಗಿದ್ದು ಇವನಿಗೆ ಕೇಳಿಸಿತ್ತು.

ಹೋಗಿ ಒಂದು ಸಹಿ ತಂದರಾಯಿತು, ಅದರಲ್ಲೇನಿದೆ ಎನ್ನುತ್ತೀರಾ? ಇರುವುದೇ ಅಲ್ಲಿ. ರೂಮಿನಲ್ಲಿ ಜೊತೆಗಿರುವವನ ಮುಖವನ್ನೇ ಇವನು ನೋಡಿರಲಿಲ್ಲ! ರೂಮು ಒಂದು, ಮಂಚವೂ ಒಂದೇ. ಹಗಲು ಎಂಟರಿಂದ ಸಂಜೆ ಆರರ ತನಕ ಮಂಚ ಇವನದು, ರಾತ್ರಿ ಏಳರಿಂದ ಬೆಳಗ್ಗೆ ಏಳರ ತನಕ ಇನ್ನೊಬ್ಬನದು. ನಡುವಿನ ಒಂದು ಗಂಟೆಯಲ್ಲಿ ಓನರಮ್ಮ ಹಾಸಿಗೆ ಕೊಡವಿ ಹೊದಿಕೆ ಬದಲಿಸುತ್ತಿದ್ದಳು. ಓಣಿಯಲ್ಲಿ ಇವನಿಗೆ ಹಗಲಿನವನು ಎಂದು ಹೆಸರು, ಅವನಿಗೆ ರಾತ್ರಿಯವನು ಎಂದು.

ಆರು ತಿಂಗಳಿಂದ ಹಗಲಿನವನಿಗೆ ಈ ರಾತ್ರಿಯವನ ಬಗ್ಗೆ ಕುತೂಹಲವೋ ಕುತೂಹಲ. ದಿಂಬಿಗೆ ತಲೆನೋವಿನ ಮುಲಾಮಿನ ವಾಸನೆ. ಪಾಪ, ಯಾವ ಚಿಂತೆಯೋ. ಗೋಡೆ ಗಡಿಯಾರ ನಿಂತರೆ ಮಾರನೆ ದಿನ ತಾನಾಗಿಯೇ ನಡೆಯುತ್ತಿತ್ತು. ತಾನು ಅವನಿಗೆ ಕುಡಿಯಲು ನೀರು ತುಂಬಿಟ್ಟು ಹೋದರೆ ಅವನು ಜಗ್ಗು ತೊಳೆದು ಬೋರಲು ಹಾಕುತ್ತಿದ್ದ. ದಿಂಬಿನಡಿಯ ಪುಟ್ಟಿಯ ಫೋಟೋ ಮಾತ್ರ ಒಂದು ದಿನವೂ ಅತ್ತಿತ್ತ ಆಗಿರಲಿಲ್ಲ. ಒಳ್ಳೆಯವನೇ ಇರಬೇಕು. ಆದರೆ ಯಾರು?

"ಅದೆಲ್ಲ ನಂಗೊತ್ತಿಲ್ಲಪ್ಪ" ಎಂದಳು ಓನರಮ್ಮ, ಬಾಗಿಲನ್ನು ಅರ್ಧವೇ ತೆರೆದು. "ಅವರು ದುಡ್ಡು ಕವರಲ್ಲಿ ಹಾಕಿ ಬಾಗಿಲ ಸಂದಿಯಿಂದ ತಳ್ತಾರೆ. ನಿಮ್ಮ ಹೆಸರು ಅವರಿಗೆ ಹೇಳಿಲ್ಲ, ಅವರದ್ದು ನಿಮಗೂ ಹೇಳಲ್ಲ."

"ಅಮ್ಮಾ, ಬರೀ ಒಂದು ಸಹಿ."

"ಇವತ್ತು ಸಹಿ ಅಂತೀರಿ, ನಾಳೆ ಇಬ್ಬರೂ ಕೂತು ಬಾಡಿಗೆ ಮಾತಾಡ್ತೀರಿ. ನಂಗ್ಯಾಕೆ ಬೇಕು ಆ ತಲೆನೋವು?" ಎಂದು ಬಾಗಿಲು ಹಾಕಿಕೊಂಡಳು.

ಮೆಟ್ಟಿಲಿಳಿದರೆ ಕೆಳಗೆ ಕಟಿಂಗ್ ಶಾಪಿನವನು ಗಿರಾಕಿಯಿಲ್ಲದೆ ಆಕಳಿಸುತ್ತಿದ್ದ. ವಿಷಯ ಕೇಳಿದ್ದೇ ಅವನ ಕಿವಿ ನೆಟ್ಟಗಾಯಿತು.

"ರಾತ್ರಿಯೋರಾ? ಬೋಳುತಲೆ ಕಣಣ್ಣ. ಆರು ತಿಂಗಳಿಂದ ಒಂದಿನ ನನ್ನ ಅಂಗಡಿಗೆ ಕಾಲಿಟ್ಟಿಲ್ಲ ಅಂದ್ಮೇಲೆ ಬೋಳೇ ಆಗಿರ್ಬೇಕು."

"ದಿಂಬಿನ ಮೇಲೆ ಕೂದಲು ಸಿಗುತ್ತಲ್ಲ ಮಾರಾಯ?"

"ಉದುರ್ತಾ ಇದೆ ಅಂತಾಯ್ತು. ಇಷ್ಟೊತ್ತಿಗೆ ಬೋಳಾಗಿರ್ತಾರೆ, ನೋಡು!"

ಪಕ್ಕದ ಲಾಂಡ್ರಿಯಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದಳು. "ಅವನ ಮಾತು ಕಟ್ಕೊಂಡು ಏನ್ ಮಾಡ್ತೀರಿ? ಬಟ್ಟೆ ಚೀಲ ಬಾಗಿಲಿಗೆ ನೇತುಹಾಕಿ ಹೋಗ್ತಾರೆ, ಮುಖ ನಾನೂ ನೋಡಿಲ್ಲ. ಆದ್ರೆ ಬಟ್ಟೆ ಗೊತ್ತು. ಬಿಳೀ ಅಂಗಿ, ಕರೀ ಕಾಲುಚೀಲ ಒಂದು, ಹಸಿರು ಕಾಲುಚೀಲ ಒಂದು. ಹಸಿರಿನದಕ್ಕೆ ಹಿಮ್ಮಡಿ ಹತ್ರ ಕೆಂಪು ದಾರದ ಹೊಲಿಗೆ ಇದೆ."

"ಅಯ್ಯೋ, ಅದು ನಂದು!" ಎಂದು ಕಿರುಚಿದ ಹಗಲಿನವನು. ಊರಿಂದ ಹೊರಡುವ ದಿನ ಹಸಿರು ದಾರ ಸಿಗದೆ ಹೆಂಡತಿ ಕೆಂಪು ದಾರದಲ್ಲೇ ಹೊಲಿದುಕೊಟ್ಟ ಕಾಲುಚೀಲ. ಒಂದು ಕಳೆದುಹೋಗಿ ಎರಡು ತಿಂಗಳಾಗಿತ್ತು. ಜೊತೆಯದನ್ನು ಎಸೆಯಲು ಮನಸ್ಸು ಬಾರದೆ ಹಾಗೇ ಇಟ್ಟುಕೊಂಡಿದ್ದ.

"ನಿನ್ನೆ ತಾನೇ ಒಗೆದು ಕೊಟ್ಟಿದ್ದೀನಿ. ಇವತ್ತು ಕಾಲಲ್ಲೇ ಇರುತ್ತೆ" ಎಂದಳು ಲಾಂಡ್ರಿಯಕ್ಕ.

ಅಲ್ಲಿಗೆ ಹುಡುಕಾಟ ಮುಖ ಬಿಟ್ಟು ಕಾಲಿಗಿಳಿಯಿತು. "ನಡಿಯಣ್ಣ, ನಾನೂ ಬರ್ತೀನಿ" ಎಂದು ಕಟಿಂಗ್ ಶಾಪಿನವನು ಅಂಗಡಿಗೆ ಬೀಗ ಹಾಕಿದ. ಬೇಡ ಅಂದರೂ ಬಿಡುವ ಆಸಾಮಿಯಲ್ಲ. ಇಬ್ಬರೂ ರಸ್ತೆಯುದ್ದಕ್ಕೂ ತಲೆ ತಗ್ಗಿಸಿ ನಡೆದದ್ದೇ ನಡೆದದ್ದು. ಬ್ಯಾಂಕಿನ ಸಾಲು, ಅಂಚೆ ಕಚೇರಿಯ ಬೆಂಚು, ಎಲ್ಲೆಲ್ಲೂ ಕಾಲು. ಬಿದ್ದ ದುಡ್ಡು ಹುಡುಕುತ್ತಿದ್ದಾರೆಂದು ತಿಳಿದು ನಾಲ್ಕು ಜನ ಜೊತೆಗೆ ಹುಡುಕಿಯೂ ಕೊಟ್ಟರು.

ಮೂರೂವರೆ ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ, ಬಿಳಿ ಅಂಗಿ ತೊಟ್ಟು ಹೆಂಡತಿಯೊಂದಿಗೆ ನಿಂತಿದ್ದ ಬೋಳುತಲೆಯವನೊಬ್ಬನ ಪ್ಯಾಂಟಿನ ಕೆಳಗೆ ಹಸಿರು ಇಣುಕಿತು.

"ನಾನ್ ಹೇಳಿರ್ಲಿಲ್ವಾ, ಬೋಳು!" ಎಂದು ಕಟಿಂಗ್ ಶಾಪಿನವನು ತಿವಿದ.

ಹಗಲಿನವನು ಬೂಟಿನ ದಾರ ಕಟ್ಟುವವನಂತೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ. ತಾನು ಚಪ್ಪಲಿಯಲ್ಲಿ ಬಂದಿದ್ದೇನೆಂಬುದು ಅವನಿಗೆ ನೆನಪಿರಲಿಲ್ಲ. ಹೊಲಿಗೆ ನೋಡಲೆಂದು ಎರಡೇ ಬೆರಳಲ್ಲಿ ಆ ಮನುಷ್ಯನ ಪ್ಯಾಂಟನ್ನು ಸ್ವಲ್ಪ ಎತ್ತಿದ.

"ಏಯ್! ಏನ್ರೀ ಇದು?" ಆತ ಹೌಹಾರಿ ಎಗರಿದ.

ನಿದ್ದೆಗೆಟ್ಟ ತಲೆ, ಗಾಬರಿ ಬೇರೆ. ಹಗಲಿನವನ ಬಾಯಿಂದ ಬಂದದ್ದು ಇಷ್ಟು: "ಸಾರ್, ದಿನಾ ರಾತ್ರಿ ನನ್ನ ಹಾಸಿಗೇಲಿ ಮಲಗೋದು ನೀವೇನಾ?"

ಬೋಳುತಲೆಯವನ ಹೆಂಡತಿ ನಿಧಾನವಾಗಿ ಗಂಡನತ್ತ ತಿರುಗಿದಳು. "ನೈಟ್ ಡ್ಯೂಟಿ, ನೈಟ್ ಡ್ಯೂಟಿ ಅಂತಿದ್ರಲ್ಲ, ಇದೇನಾ ಡ್ಯೂಟಿ?"

"ತಪ್ಪು ತಿಳ್ಕೋಬೇಡಿ ಅಮ್ಮಾ" ಎಂದು ಕಟಿಂಗ್ ಶಾಪಿನವನು ನಡುವೆ ನುಗ್ಗಿದ. "ರಾತ್ರಿ ಮಾತ್ರ ನಿಮ್ಮೋರು ಮಲಗೋದು. ಇವರದ್ದೇನಿದ್ರೂ ಹಗಲು."

ಆಕೆ ಛತ್ರಿ ಎತ್ತಿದಳು. ಆ ಮನುಷ್ಯನ ಎರಡು ಕಾಲಿನದೂ ಹಸಿರೇ, ಹೊಲಿಗೆಯೂ ಇಲ್ಲ ಎಂಬುದು ಹಗಲಿನವನಿಗೆ ಆಗ ಕಂಡಿತು. ಇನ್ನು ನಿಂತರೆ ಉಳಿಗಾಲವಿಲ್ಲವೆಂದು ಕಾಲಿಗೆ ಬುದ್ಧಿ ಹೇಳಿದ. ಓಟ ನಿಂತದ್ದು ಆಫೀಸಿನ ಕಿಟಕಿಯ ಮುಂದೆಯೇ. ಆಗ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು.

ಗುಮಾಸ್ತ ಮತ್ತೆ ಬೆರಳು ಒದ್ದೆ ಮಾಡಿಕೊಂಡು ಎಣಿಸಿದ. "ನಾಲ್ಕೇ ಇದೆ."

"ಸಾರ್, ಕೈ ಮುಗೀತೀನಿ. ನಮ್ಮ ಪುಟ್ಟಿ ಫೋನನ್ನೇ ಅಪ್ಪ ಅಂತಾಳೆ ಸಾರ್."

"ನನಗೂ ಕರುಳಿದೆ ಕಣ್ರೀ. ಆದ್ರೆ ಐದು ಅಂದ್ರೆ ಐದೇ" ಎಂದ ಗುಮಾಸ್ತ, ಬೇಸರದಿಂದಲೇ. ಬಾಗಿಲ ಬಳಿಯ ಬೋರ್ಡು ತಿರುಗಿಸಲು ಎದ್ದು ಪಕ್ಕದ ಬಾಗಿಲಿಂದ ಹೊರಗೆ ಬಂದ. ಬಿಗಿಯಾದ ಬೂಟನ್ನು ಮೇಜಿನಡಿ ಕಳಚಿಟ್ಟು ಕೂರುವ ಅಭ್ಯಾಸ ಅವನದು. ಎಡಗಾಲಿನಲ್ಲಿ ಕರಿ ಕಾಲುಚೀಲವಿತ್ತು. ಬಲಗಾಲಿನಲ್ಲಿ ಹಸಿರು, ಹಿಮ್ಮಡಿಯಲ್ಲಿ ಕೆಂಪು ದಾರ.

ಹಗಲಿನವನು ನೆಲಕ್ಕೆ ಕೈ ತೋರಿಸಿದ. "ತಲೆನೋವಿಗೆ ಮುಲಾಮು ಹಚ್ಕೊಳ್ತೀರಾ ಸಾರ್?" ಎಂದ.

ಗುಮಾಸ್ತ ಅವನನ್ನೇ ನೋಡಿದ. ಆಮೇಲೆ ಮೊದಲ ಬಾರಿಗೆ ಫೈಲು ತೆರೆದು ವಿಳಾಸ ಓದಿದ. "ಅಯ್ಯಯ್ಯೋ! ಜಗ್ಗಿಗೆ ನೀರು ತುಂಬಿಡೋರು ನೀವೇನಾ?"

"ಗಡಿಯಾರಕ್ಕೆ ಕೀ ಕೊಡೋರು ನೀವಾ?"

"ಪುಟ್ಟಿ ಅಂದ್ರೆ ದಿಂಬಿನಡಿ ಇರೋ ಪುಟ್ಟೀನಾ? ದಿನಾ ಅವಳಿಗೆ ಗುಡ್ ನೈಟ್ ಹೇಳ್ದೆ ನಂಗೆ ನಿದ್ದೇನೇ ಬರಲ್ಲ ಮಾರಾಯ್ರೆ!" ಗುಮಾಸ್ತನ ಕಣ್ಣಲ್ಲಿ ನೀರಾಡಿತು. "ನಾನೂ ಮನೆ ಬಿಟ್ಟು ಬಂದೋನೇ. ನಂದೂ ಅರ್ಜಿ ಆರು ತಿಂಗಳಿಂದ ಐದನೇ ಕಾಗದ ಇಲ್ದೆ ಬಿದ್ದಿದೆ. ಓನರಮ್ಮ ನಿಮ್ಮ ಹೆಸರೇ ಹೇಳ್ಲಿಲ್ಲ!"

ಇಬ್ಬರೂ ಒಬ್ಬರ ಬೆನ್ನೊಬ್ಬರು ತಟ್ಟಿಕೊಂಡರು. ಹಗಲಿನವನು ಗುಮಾಸ್ತನ ಕಾಗದಕ್ಕೆ ಸಹಿ ಹಾಕಿದ. ಗುಮಾಸ್ತ ಹಗಲಿನವನ ಐದನೇ ಕಾಗದಕ್ಕೆ ಸಹಿ ಹಾಕಿದ, ಉತ್ಸಾಹದಿಂದ ಎಣಿಸಿದ. "ಐದು!" ಎಂದ. ಮುದ್ರೆ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಏನಾಯ್ತು ಸಾರ್?"

"ಅರ್ಜೀಲಿ ಸಹಿ ಹಾಕಿದೋನು ಅದಕ್ಕೆ ಮುದ್ರೆ ಹಾಕೋ ಹಾಗಿಲ್ಲ. ಈಗ ಈ ಫೈಲನ್ನ ನಾನು ಮುಟ್ಟೋ ಹಾಗೂ ಇಲ್ಲ." ಸುಡುತ್ತದೆಯೋ ಎಂಬಂತೆ ಫೈಲು ಕೆಳಗಿಟ್ಟ.

"ಹಾಗಾದ್ರೆ ಬೇರೆಯವರ ಹತ್ರ ಹಾಕ್ಸಿ!"

"ಕಾಂಟ್ರ್ಯಾಕ್ಟಿನೋರ ಅರ್ಜಿ ಈ ಕಿಟಕೀಲೇ ಆಗ್ಬೇಕು. ಈ ಕಿಟಕೀಲಿ ಇರೋನು ನಾನೊಬ್ಬನೇ."

"ಮತ್ತೆ ನಿಮ್ಮದು?"

"ಆಫೀಸಿನೋರದು ಮೇಲಿನ ಸಾಹೇಬರ ಹತ್ರ ಹೋಗುತ್ತೆ" ಎಂದ ಗುಮಾಸ್ತ, ತಲೆ ತಗ್ಗಿಸಿ. "ನೀವು ಸಹಿ ಹಾಕಿದ್ರಲ್ಲ. ನಾಳೆ ಬೆಳಗ್ಗೆ ಆಗಿಹೋಗುತ್ತೆ."

ಗಡಿಯಾರ ನಾಲ್ಕು ಹೊಡೆಯಿತು. ನಿಯಮಕ್ಕೆ ಒಂದು ನಿಮಿಷವೂ ತಪ್ಪದ ಮನುಷ್ಯ ಒದ್ದೆಗಣ್ಣಲ್ಲೇ ಕಿಟಕಿ ಮುಚ್ಚಿದ. ಮುಂದಿನ ಸರದಿ ಇನ್ನು ಬರುವ ವರ್ಷ.

ಗುಮಾಸ್ತ ಉಳಿದ ಕೆಲಸ ಮುಗಿಸುವಾಗ ಆರೂವರೆಯಾಯಿತು, ಇಬ್ಬರೂ ಒಟ್ಟಿಗೇ ಮನೆಗೆ ನಡೆದರು. ರೂಮು ಸೇರುವಷ್ಟರಲ್ಲಿ ಹಗಲಿನವನ ಡ್ಯೂಟಿಯ ಹೊತ್ತಾಗಿತ್ತು, ಮಂಚ ರಾತ್ರಿಯವನದಾಗಿತ್ತು. ಕಣ್ಣು ಎಳೆಯುತ್ತಿದ್ದರೂ ಹಗಲಿನವನು ಕೆಲಸದ ಚೀಲ ಹೆಗಲಿಗೇರಿಸಿದ. ಗುಮಾಸ್ತ ಮಂಚದ ಅಂಚಲ್ಲಿ ಕೂತು ಹಸಿರು ಕಾಲುಚೀಲ ಬಿಚ್ಚಿ ಅವನ ಕೈಗಿಟ್ಟ. ಆಮೇಲೆ ದಿಂಬಿನಡಿಯ ಫೋಟೋ ತೆಗೆದು ನೋಡಿದ.

"ಬರೋ ವಾರ ಊರಿಗೆ ಹೋಗ್ತೀನಿ. ನಿಮ್ಮನೆಗೆ ಹೋಗಿ ಇವಳನ್ನ ನೋಡ್ಕೊಂಡು ಬರ್ತೀನಿ. ಪರಿಚಯದವಳೇ ತಾನೆ? ಏನಾದ್ರೂ ಹೇಳ್ಬೇಕಾ?"

ಹಗಲಿನವನು ಬಾಗಿಲಲ್ಲಿ ನಿಂತು ಯೋಚಿಸಿದ.

"ಅಪ್ಪ ಫೋನಲ್ಲ ಅಂತ ಹೇಳಿ ಸಾರ್" ಎಂದು ಹೇಳಿ ಮೆಟ್ಟಿಲಿಳಿದ.