ಬೋರ್ಡಿಗೊಂದು ಕರಿ ಟೋಪಿ

ಊರಿಗೆಲ್ಲ ಬೆಳಕು ಹಂಚುವ ನನಗೆ ನನ್ನ ಮನೆಯಲ್ಲೇ ಮೂರು ಕಾಸಿನ ಬೆಲೆಯಿಲ್ಲ. ನಾನು ಎಲ್‌ಇಡಿ ಬೋರ್ಡುಗಳ ಕಂಪನಿಯಲ್ಲಿ ಹಿರಿಯ ತಂತ್ರಜ್ಞ. ನಮ್ಮ ಬೀದಿಯಲ್ಲಿ ಔಷಧಿ ಅಂಗಡಿಯಿಂದ ಚಪ್ಪಲಿ ಅಂಗಡಿಯವರೆಗೆ ಜಗಜಗಿಸುವುದೆಲ್ಲ ನನ್ನದೇ ಕೈಚಳಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಹೆಂಡತಿಗೂ ಒಂದು ಬೋರ್ಡು ಹಾಕಿಕೊಟ್ಟಿದ್ದೆ. ಹಾಲಿನಂಥ ಬಿಳಿ ಹಿನ್ನೆಲೆ, ಅದರ ಮೇಲೆ ಕೆಂಪಕ್ಷರ. ನೋಡಿದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. (ಭಕ್ತಿಯಿಂದ ಎಂದು ನಾನು ತಿಳಿದಿದ್ದೆ.)

ತೊಂದರೆ ಒಂದೇ. ನಮ್ಮ ಮನೆಯ ಕರೆಂಟ್ ಸಂಪರ್ಕ ಚಿಕ್ಕದು. ಬೋರ್ಡು ಉರಿಯುವಾಗ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಪಟ್ ಎಂದು ಫ್ಯೂಸ್ ಹೋಗುತ್ತದೆ.

“ಬೋರ್ಡ್ ಆರಿಸಿಬಿಡಿ, ಪೀಡೆ ತೊಲಗುತ್ತೆ,” ಎಂದಳು ಹೆಂಡತಿ. (ಒಬ್ಬ ಎಲ್‌ಇಡಿ ತಂತ್ರಜ್ಞನ ಧರ್ಮಪತ್ನಿ ಆಡುವ ಮಾತೇ ಇದು?)

“ಆರಿಸಿದ್ರೆ ಇಲ್ಲೊಂದು ಅಂಗಡಿ ಇದೆ ಅಂತ ಯಾರಿಗೆ ಗೊತ್ತಾಗುತ್ತೆ? ಎದುರಿಗಿರೋ ಕನ್ನಡಕದಂಗಡಿ ಬೋರ್ಡ್ ನೋಡು, ಹೇಗೆ ಹೊಳೀತಿದೆ!”

“ಅದನ್ನ ಹಾಕಿದ್ದೂ ನೀವೇ ತಾನೆ?”

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಅಳಿಯಂದ್ರು ಹಾಕಿದ ದೀಪ ಎದುರುಮನೆಯಲ್ಲಿ ಚೆನ್ನಾಗಿ ಉರಿಯುತ್ತಮ್ಮ,” ಎಂದರು. ಅತ್ತೆ ಮಾತಾಡುವುದೇ ಅಪರೂಪ. ಆಡಿದ್ದು ಮಾತ್ರ ನಾಲ್ಕು ದಿನ ಚುರುಗುಟ್ಟುತ್ತದೆ.

ಅಷ್ಟರಲ್ಲಿ ಹೆಂಡತಿಗೆ ಜೀವಮಾನದ ಮೊದಲ ದೊಡ್ಡ ಕೆಲಸ ಸಿಕ್ಕಿತು. ಶಾಲೆಯೊಂದರ ಬ್ಯಾಂಡ್ ತಂಡಕ್ಕೆ ನಲವತ್ತು ಕಪ್ಪು ಕೋಟು. ಚೆನ್ನಾಗಿ ಬಂದರೆ ಮುಂದಿನ ವರ್ಷ ಇಡೀ ಶಾಲೆಯ ಸಮವಸ್ತ್ರ ಇವಳದೇ. ಮೂರು ವಾರ ಮಷೀನು ಬಿಟ್ಟೇಳದೆ ಹೊಲಿದಳು. ಕೊನೆಯ ದಿನ ರಾತ್ರಿ ಎಂಟೂವರೆಗೆ ಬ್ಯಾಂಡ್ ಮೇಷ್ಟ್ರು ಬಂದು ಕೋಟುಗಳನ್ನು ಒಯ್ಯಬೇಕು, ಬೆಳಿಗ್ಗೆ ಸ್ಪರ್ಧೆ. ಅಳತೆಗೆ ಇವಳೇ ಶಾಲೆಗೆ ಹೋಗಿದ್ದರಿಂದ ಮೇಷ್ಟ್ರು ಅಂಗಡಿ ನೋಡಿದವರಲ್ಲ. “ಬೋರ್ಡ್ ನೋಡ್ಕೊಂಡು ಬನ್ನಿ ಸಾರ್” ಎಂದಿದ್ದಳು. ಹೊಲಿಗೆ ಮುಗಿಯುವುದೇ ಆ ಸಂಜೆ, ಅಂದರೆ ಆಗ ಬೋರ್ಡೂ ಉರಿಯಬೇಕು, ಇಸ್ತ್ರಿಯೂ ಕಾಯಬೇಕು.

“ನನಗೆ ಬಿಡು,” ಎಂದೆ. ಕಂಪನಿಯಿಂದ ಹೊಸ ಸೆನ್ಸರ್ ತಂದೆ. ಹಗಲಿನ ಬೆಳಕು ಕಂಡರೆ ಅದು ಬೋರ್ಡನ್ನು ಪ್ರಖರವಾಗಿಸುತ್ತದೆ, ಕತ್ತಲಾದರೆ ಮಂದಗೊಳಿಸುತ್ತದೆ. ಸಂಜೆಯ ಖರ್ಚು ಅರ್ಧಕ್ಕಿಳಿದು ಇಸ್ತ್ರಿಗೆ ಕರೆಂಟು ಉಳಿಯುತ್ತದೆ. ಮಧ್ಯಾಹ್ನ ಸೆನ್ಸರ್ ಮೇಲೆ ಅಂಗೈ ಮುಚ್ಚಿ ತೋರಿಸಿದೆ. ಬೋರ್ಡು ವಿನಯದಿಂದ ಮಂಕಾಯಿತು. “ಪರವಾಗಿಲ್ವೇ!” ಎಂದಳು ಹೆಂಡತಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳ ಬಾಯಿಂದ ಬಂದ ಅತ್ಯುನ್ನತ ಪ್ರಶಸ್ತಿ ಅದು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೆನ್ಸರನ್ನು ಬೋರ್ಡಿನ ನೆತ್ತಿಯ ಮೇಲೆ, ಬೀದಿಗೆ ಮುಖ ಮಾಡಿ ಕೂರಿಸಿದೆ. ಹೋದ ತಿಂಗಳು ಇದೇ ಸೆನ್ಸರನ್ನು ಕನ್ನಡಕದಂಗಡಿಗೂ ಹೀಗೇ ಕೂರಿಸಿದ್ದೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ಹೊತ್ತು ಮುಳುಗಿತು. ಎರಡೂ ಬೋರ್ಡು ಸಾಧುಗಳ ಹಾಗೆ ಮಂದವಾದವು. ಒಳಗೆ ಇಪ್ಪತ್ತು ಕೋಟು ಇಸ್ತ್ರಿಯಾದವು. ಆಗ ಎದುರಿನ ಬೋರ್ಡಿನಲ್ಲಿ ಒಂದು ಬಿಳಿ ಜಾಹೀರಾತು ಬಂತು. ನಮ್ಮ ಸೆನ್ಸರ್ ಅದನ್ನು ನೋಡಿ ಬೆಳಗಾಯಿತೆಂದುಕೊಂಡಿತು, ನಮ್ಮ ಬೋರ್ಡು ಬೆಳಗಿತು. ಇದನ್ನು ನೋಡಿ ಅವರ ಸೆನ್ಸರಿಗೂ ಬೆಳಗಾಯಿತು. ಅದು ಒಂದು ಕೈ ಹೆಚ್ಚು ಉರಿಯಿತು. ನಮ್ಮದು ಬಿಟ್ಟೀತೇ? ಬೀದಿಯಲ್ಲಿ ನಡುಮಧ್ಯಾಹ್ನವಾಯಿತು. ಗೂಡು ಸೇರಿದ್ದ ಕಾಗೆಗಳು ಎದ್ದು ಕೆಲಸಕ್ಕೆ ಹೊರಟವು. ಮರುಕ್ಷಣ ಪಟ್!

“ರೀ!” ಕತ್ತಲೊಳಗಿಂದ ಧ್ವನಿ ಬಂತು. “ಇನ್ನೂ ಇಪ್ಪತ್ತು ಕೋಟಿದೆ!” ಕೊನೆಗೆ ಆ ಧ್ವನಿ ನಡುಗಿತು. 

ಅಷ್ಟರಲ್ಲಿ ಕನ್ನಡಕದಂಗಡಿಯವರು ಕಪ್ಪು ಕನ್ನಡಕ ಹಾಕಿಕೊಂಡೇ ರಸ್ತೆ ದಾಟಿ ಬಂದರು. “ಏನ್ ಸ್ವಾಮಿ, ನಮ್ಮ ಮೇಲೆ ನಿಮಗೇನು ಹಗೆ? ಕಣ್ಣು ಪರೀಕ್ಷೆಗೆ ಗಿರಾಕಿ ಅಕ್ಷರ ಓದ್ತಿದ್ರೆ ನಿಮ್ಮ ಬೋರ್ಡ್ ಕಣ್ಣಿಗೇ ಹೊಡೆಯುತ್ತೆ!”

“ನೀವೂ ಇನ್ನಷ್ಟು ಶಕ್ತಿಯ ಬೋರ್ಡ್ ಹಾಕಿದ್ರೆ…” ಎಂದು ನಾನು ಶುರುಮಾಡಿದೆ.

ಹೆಂಡತಿ ಮೇಣದಬತ್ತಿ ಹಿಡಿದು ಹೊರಬಂದಳು. “ಸೂಜಿಗೆ ಕಪ್ಪು ದಾರ ಪೋಣಿಸೋವಾಗ ಕಾಣಿಸ್ಲಿಲ್ಲ ಅಂತ ನಾನು ಇನ್ನೊಂದು ಲೈಟ್ ಹಾಕ್ತೀನಾ? ಹಿಂದೆ ಒಂಚೂರು ಬಿಳಿ ಬಟ್ಟೆ ಹಿಡೀತೀನಿ. ನಿಮ್ಮ ಬೋರ್ಡಲ್ಲಿ ಅಕ್ಷರ ಇರೋದು ಅಂಗೈಯಷ್ಟು, ಉರಿಯೋದು ಬಾಗಿಲಷ್ಟು. ಹಿಂದೆ ಕಪ್ಪು ಮಾಡಿ, ಅಕ್ಷರ ಮಾತ್ರ ಉರೀಲಿ!”

ಇದೇ ಮಾತು ನಮ್ಮ ಕಂಪನಿಯ ಕೈಪಿಡಿಯಲ್ಲಿ ಮೊದಲ ಪುಟದಲ್ಲಿದೆ.

ಮತ್ತೆ ಫ್ಯೂಸ್ ಹಾಕಿ ಬೋರ್ಡಿನ ಹಿನ್ನೆಲೆ ಆರಿಸಿದೆ. ಕೆಂಪು ಅಕ್ಷರವಷ್ಟೇ ಉಳಿಸಿ, ಅದನ್ನೂ ಮಂದ ಮಾಡಿದೆ. ಕೋಟುಗಳಿಂದ ಮಿಕ್ಕ ಕಪ್ಪು ಲೈನಿಂಗ್ ಬಟ್ಟೆಯಲ್ಲಿ ಅತ್ತೆ ಹತ್ತೇ ನಿಮಿಷಕ್ಕೆ ಸೆನ್ಸರಿಗೊಂದು ಟೋಪಿ, ಬೋರ್ಡಿನ ಸುತ್ತ ಒಂದು ಅಂಚು ಹೊಲಿದರು. ಟೋಪಿಯ ಮರೆಯಿಂದ ಸೆನ್ಸರಿಗೆ ಎದುರಿನ ಬೋರ್ಡು ಕಾಣದು, ಆಕಾಶ ಮಾತ್ರ. ಇಸ್ತ್ರಿ ಕಾದಿತು. ನಾನು ಫ್ಯೂಸನ್ನೇ ನೋಡುತ್ತಾ ನಿಂತೆ. ಅದು ಮಿಸುಕಲಿಲ್ಲ.

ಮೇಷ್ಟ್ರು ಎಂಟೂವರೆಗೆ ಸರಿಯಾಗಿ ಬಂದರು. “ಬೀದೀಲಿ ಓದೋಕಾಗಿದ್ದು ನಿಮ್ಮ ಬೋರ್ಡ್ ಒಂದೇ ತಾಯಿ, ಮಿಕ್ಕಿದ್ದೆಲ್ಲ ಬರೀ ಬೆಂಕಿ,” ಎಂದು ನಲವತ್ತನೆಯ ಬಿಸಿ ಕೋಟನ್ನು ಎತ್ತಿಕೊಂಡರು. ಸಮವಸ್ತ್ರದ ಅಳತೆಗೆ ಬರುವ ತಿಂಗಳೇ ಬನ್ನಿ ಎಂದರು. ಹೆಂಡತಿ ಒಳಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಆದರೆ ಪ್ರಖರ ಬೆಳಕಿನ ನೆಪ ಹೇಳಲು ನಮ್ಮ ಬೋರ್ಡಿನಲ್ಲಿ ಪ್ರಖರವಾದದ್ದೇನೂ ಉಳಿದಿರಲಿಲ್ಲ.

ವಾರ ಕಳೆಯುವುದರೊಳಗೆ ಸುದ್ದಿ ಕಂಪನಿಗೆ ಮುಟ್ಟಿ ನಮ್ಮ ಮ್ಯಾನೇಜರ್ ಸ್ವತಃ ಮನೆಗೆ ಬಂದರು. ನಾನು ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತೆ, ಬಡ್ತಿಯನ್ನು ಬೇಡವೆನ್ನದೆ ಒಪ್ಪಿಕೊಳ್ಳುವ ಮುಖಮಾಡಿ. ಅವರು ನನ್ನ ಪಕ್ಕದಿಂದ ಇಣುಕಿ, “ಮೇಡಂ ಇದ್ದಾರಾ?” ಎಂದರು. ನಮ್ಮ ಬೀದಿಯ ಅಷ್ಟೂ ಬೋರ್ಡುಗಳಿಗೆ, ಮುಂದೆ ಪಕ್ಕದ ಬೀದಿಗಳಿಗೆ, ಟೋಪಿ ಬೇಕಂತೆ.

ಈಗ ಆಫೀಸು ಮುಗಿಸಿ ಬಂದ ಮೇಲೆ ಟೋಪಿಗಳಿಗೆ ಗುಂಡಿ ಹೊಲಿಯುವುದು ನನ್ನ ಪಾಲಿನ ಕೆಲಸ. ನಿನ್ನೆ ಎಷ್ಟು ಹೆಣಗಿದರೂ ಕರಿ ದಾರ ಸೂಜಿಗೆ ಹೋಗಲಿಲ್ಲ.

“ಕಾಣಿಸ್ತಿಲ್ಲ ಕಣೇ, ಇನ್ನೊಂದು ಲೈಟ್ ಹಾಕಲಾ?” ಎಂದೆ.

ಅತ್ತೆ ಒಂದು ಚೂರು ಬಿಳಿ ಬಟ್ಟೆ ಹರಿದು ನನ್ನ ಸೂಜಿಯ ಹಿಂದೆ ಹಿಡಿದರು.