ಗಾಜಿನ ಪೆಟ್ಟಿಗೆಯ ಕಪ್ಪೆಯ ನೀರು ಕಂದಾಗುತ್ತಿರುವ ಬಗ್ಗೆ

ಪಟ್ಟಣ ಕಚೇರಿ, ಉತ್ತರ ತೈವಾನ್
(ನಿರೀಕ್ಷಣಾ ಕೊಠಡಿ ವಿಭಾಗ)

ಸಂಖ್ಯೆ: ಪಕ/ನಿಕೊ/ಕಪ್ಪೆ/ನೀರು/17
ದಿನಾಂಕ: 9ನೇ ಜನವರಿ

ಸುತ್ತೋಲೆ

ವಿಷಯ: ಎಲೆಯ ಒಗರಿನಿಂದ ಕಂದಾದ ನೀರು ಹಾಗೂ ಇತರೆ ಕಾರಣಗಳಿಂದ ಕಂದಾದ ನೀರಿನ ನಿರ್ವಹಣೆ ಕುರಿತು.

ಉಲ್ಲೇಖ:
(1) ಈ ಕಚೇರಿಯ ಸುತ್ತೋಲೆ, ದಿ. 29ನೇ ನವೆಂಬರ್ (ನೀರು ತಿಳಿಯಾಗಿರಬೇಕೆಂದು)
(2) ಈ ಕಚೇರಿಯ ಸುತ್ತೋಲೆ, ದಿ. 20ನೇ ಡಿಸೆಂಬರ್ (ಇನ್ನೂ ತಿಳಿಯಾಗಿರಬೇಕೆಂದು)

ನಿರೀಕ್ಷಣಾ ಕೊಠಡಿಯ ಮರಗಪ್ಪೆಯ ನೀರು ಕೊಳಕಾಗಿ ಕಾಣುತ್ತಿದೆಯೆಂದು ದೂರು ಬಂದಿದ್ದರಿಂದ, ಶುಚಿಗಾರ್ತಿ ಶ್ರೀಮತಿ ತ್ಸೆಂಗ್ ಯುಎ-ಶ್ಯಾ ಅವರು ಅದರಲ್ಲಿ ಹಾಕಿದ್ದ ಕಾಡುಬಾದಾಮಿ ಎಲೆಗಳನ್ನು ಉಲ್ಲೇಖ (1)ರಂತೆ ತೆಗೆಸಲಾಗಿತ್ತು. ಅಂದಿನಿಂದ ಕಪ್ಪೆ ಕೂಗುವುದನ್ನು ನಿಲ್ಲಿಸಿತು. ಆದರೂ ಡಿಸೆಂಬರ್ ಮೊದಲ ವಾರದಿಂದ ನೀರು ಪ್ರತಿ ಬೆಳಿಗ್ಗೆ ಮತ್ತೆ ಕಂದಾಗತೊಡಗಿತು. ಸದರಿ ಶ್ರೀಮತಿಯವರೇ ಕದ್ದು ಎಲೆ ಹಾಕುತ್ತಿದ್ದಾರೆಂದು ಭಾವಿಸಿ, ಜನವರಿ 15ರ ತಪಾಸಣೆಯೊಳಗೆ ನೀರು ತಿಳಿಯಾಗದಿದ್ದಲ್ಲಿ ಕೆಲಸದಿಂದ ತೆಗೆಯುವುದಾಗಿ ಅವರಿಗೆ ನೋಟಿಸು ನೀಡಲಾಗಿತ್ತು. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಅಯ್ಯೋ ಸಾಹೇಬ್ರೆ, ಮೊದ್ಲು ಇದ್ದದ್ದು ಕೊಳೆಯಲ್ಲ, ಎಲೆ ಬಿಟ್ಟ ಬಣ್ಣ. ಕಪ್ಪೆ ಮೈಗೆ ಅದು ಒಳ್ಳೇದು. ನೀವೆಲ್ಲ ದಿನವಿಡೀ ಎಲೆ ನೆನೆಸಿದ ನೀರನ್ನೇ ಕುಡೀತೀರಲ್ಲ, ನಾನೇನಾದ್ರೂ ಅಂದಿದೀನಾ? ಹನ್ನೊಂದು ವರ್ಷ ಇಲ್ಲಿ ನೆಲ ಒರೆಸಿದೀನಿ, ಕದ್ದು ಎಲೆ ಹಾಕೋ ಬುದ್ಧಿ ನಂದಲ್ಲ. ನನ್ನನ್ನ ಬೇಕಾದ್ರೆ ಕಳಿಸಿ, ಅದಕ್ಕೆ ಮಾತ್ರ ಎಲೆ ಹಾಕಿ."

ಪ್ರಯುಕ್ತ, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಮೊದಲ ಸಲ ಬಸಿದ ಚಹಾವನ್ನು ಚಹಾ ಮೇಜಿನ ಮೇಲಿನ ಮಣ್ಣಿನ ಕಪ್ಪೆಗೊಂಬೆಯ ಮೇಲೆ ಶುಭಕ್ಕೆಂದು ಸುರಿಯುವುದು ಈ ಕಚೇರಿಯ ವಾಡಿಕೆ. ಮಣ್ಣಿನ ಕಪ್ಪೆಯು ಡಿಸೆಂಬರ್ 2ರಂದು ಒಡೆದುಹೋಗಿದ್ದು, ಹಿರಿಯ ಅಧಿಕಾರಿಯೊಬ್ಬರು ಪಕ್ಕದ ಪೆಟ್ಟಿಗೆಯಲ್ಲಿ ಅಲುಗಾಡದೆ ಕುಳಿತಿದ್ದ ಕಪ್ಪೆಯನ್ನೇ ಹೊಸದಾಗಿ ಮಂಜೂರಾದದ್ದೆಂದು ತಿಳಿದು, ಪ್ರತಿದಿನ ಅದರ ಮೇಲೆ ಆರಿದ ಚಹಾ ಸುರಿದಿರುವುದು ತನಿಖೆಯಿಂದ ದೃಢಪಟ್ಟಿದೆ. ಅದು ಕಣ್ಣು ಮಿಟುಕಿಸಿದ್ದನ್ನು ಉತ್ತಮ ಕುಸುರಿ ಕೆಲಸವೆಂದು ಪರಿಗಣಿಸಲಾಗಿತ್ತು.

2. ಇನ್ನು ಮುಂದೆ ಎಲೆಯಿಂದಾದ ಕಂದು ಅಧಿಕೃತ. ಚಹಾದಿಂದಾದ ಕಂದು ಅನಧಿಕೃತ.

3. ಎರಡರ ವ್ಯತ್ಯಾಸವನ್ನು ರುಚಿ ನೋಡಿ ಕಂಡುಹಿಡಿಯುವುದನ್ನು ನಿಷೇಧಿಸಲಾಗಿದೆ. ದಾಖಲೆ ಶಾಖೆಯ ಶ್ರೀ ಖೋ ಅವರು ಈಗಾಗಲೇ ರುಚಿ ನೋಡಿ "ಎರಡನೇ ಸಲ ಬಸಿದ ಚಹಾ ಇರ್ಬೇಕು, ಪರವಾಗಿಲ್ಲ" ಎಂದಿದ್ದನ್ನು ಸಾಕ್ಷ್ಯವಾಗಿ ಸ್ವೀಕರಿಸಿರುವುದಿಲ್ಲ.

4. ಯಾವುದೇ ಕಪ್ಪೆಯ ಮೇಲೆ ಚಹಾ ಸುರಿಯುವ ಮುನ್ನ, ಅದು ಮಣ್ಣಿನದೆಂದು ಇಬ್ಬರು ಸಿಬ್ಬಂದಿಯಿಂದ ದೃಢೀಕರಣ ಪಡೆಯತಕ್ಕದ್ದು. ದೃಢೀಕರಣದ ಅವಧಿಯಲ್ಲಿ ಕಪ್ಪೆ ನೆಗೆದಲ್ಲಿ ಚಹಾ ಸುರಿಯುವ ಅರ್ಜಿಯನ್ನು ತಿರಸ್ಕೃತವೆಂದು ಭಾವಿಸತಕ್ಕದ್ದು.

5. ತಪಾಸಣಾಧಿಕಾರಿಗಳಿಗೆ ನೀಡುವ ಚಹಾ ಯಾವುದೇ ಕಾರಣಕ್ಕೂ ಪೆಟ್ಟಿಗೆಯ ನೀರಿಗಿಂತ ತೆಳುವಾಗಿರಕೂಡದು. ಕಳೆದ ಬಾರಿ ಅವರು ಎರಡನ್ನೂ ನೋಡಿ, ಅದನ್ನೇ ಕೊಡಿರೆಂದು ಪೆಟ್ಟಿಗೆಯತ್ತ ಕೈ ತೋರಿಸಿದ್ದರು.

6. ಶ್ರೀಮತಿ ತ್ಸೆಂಗ್ ಅವರಿಗೆ ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ. ಎಲೆಗಳನ್ನು ಇದೇ ಜನವರಿ 5ರಂದು ಅವರ ಕೈಯಿಂದಲೇ ಮರಳಿ ಹಾಕಿಸಲಾಗಿದೆ.

7. ನಿನ್ನೆ ಬೆಳಿಗ್ಗೆ 10.10ಕ್ಕೆ, ನಲವತ್ತು ದಿನಗಳ ನಂತರ, ಕಪ್ಪೆ ಕೂಗಿರುತ್ತದೆ. ಸಿಬ್ಬಂದಿಯೆಲ್ಲ ಮುದ್ರೆ ಒತ್ತುವುದನ್ನು ಬಿಟ್ಟು ಮೂರು ನಿಮಿಷ ಪೆಟ್ಟಿಗೆಯ ಸುತ್ತ ನೆರೆದಿದ್ದನ್ನು ಕರ್ತವ್ಯಲೋಪವೆಂದು ಪರಿಗಣಿಸತಕ್ಕದ್ದಲ್ಲ. ಶ್ರೀಮತಿ ತ್ಸೆಂಗ್ ಅವರು ನೆಲ ಒರೆಸುವ ಕೋಲು ಹಿಡಿದುಕೊಂಡೇ ಅತ್ತಿದ್ದನ್ನೂ ಸಹ.

8. ಕಲಂ 1ರ ಹಿರಿಯ ಅಧಿಕಾರಿಯಿಂದ ಕೆಳಗೆ ಸಹಿ ಮಾಡಿದವರು ವಿವರಣೆ ಕೇಳಿದ್ದು, ಮುಖ ತೋರಿಸಲಾಗುತ್ತಿಲ್ಲವೆಂದು ಅವರು ಉತ್ತರಿಸಿರುತ್ತಾರೆ.

ಸಹಿ/-
(ಪೆಂಗ್ ವೆನ್-ಶ್ಯುಂಗ್)
ಕಚೇರಿ ಮುಖ್ಯಸ್ಥರು ಹಾಗೂ ಕಲಂ 1ರ ಹಿರಿಯ ಅಧಿಕಾರಿ

ಪ್ರತಿಗಳು:
1. ಶ್ರೀಮತಿ ತ್ಸೆಂಗ್ ಯುಎ-ಶ್ಯಾ (ಸಹಿದಾರರು ಖುದ್ದಾಗಿ, ತಲೆಬಾಗಿ ತಲುಪಿಸುವುದು).
2. ಕಪ್ಪೆ (ಅಕ್ಷರಗಳು ಒಳಮುಖವಾಗಿರುವಂತೆ ಗಾಜಿಗೆ ಅಂಟಿಸುವುದು).
3. ಶ್ರೀ ಖೋ, ದಾಖಲೆ ಶಾಖೆ (ಬಾಯಿ ತೊಳೆದುಕೊಳ್ಳುವ ಬಗ್ಗೆ).
4. ಪೇಟೆ ಬೀದಿಯ ಕನ್ನಡಕದ ಅಂಗಡಿ, ಜರೂರು ಕ್ರಮಕ್ಕಾಗಿ.