ಕಂಪ್ಯೂಟರು ಕೊಟ್ಟ ಮೂಗು

ಅಂಕಲಿಯ ದಾದಾಸಾಹೇಬನ ಮೂಗು ಅವನ ಬಾಯಿಗಿಂತ ಮೊದಲೇ ಚಹಾ ಕುಡಿಯುತ್ತಿತ್ತು. ಅಥಣಿಯಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿ ಅದನ್ನು ಕಂಡು ಕಿಸಕ್ಕನೆ ನಕ್ಕು ಒಳಗೆ ಓಡಿದ್ದಳು. ಪಾಪ, ಅವತ್ತಿನಿಂದ ಅವನಿಗೆ ಊಟವೇ ಸೇರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು, ಒಂಟಿ ಬಾಳು ಸಾಕಾಗಿತ್ತು.

ಮನೆಯವರ ಮಾತು ಕೇಳದೆ ನಿಪ್ಪಾಣಿಯ ಆಸ್ಪತ್ರೆಯೊಂದಕ್ಕೆ ಹೋದ. ಡಾಕ್ಟರು ಅವನ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದರು.

"ಇದು ಕೃತಕ ಬುದ್ಧಿರಿ. ಲಕ್ಷಗಟ್ಟಲೆ ಮುಖ ನೋಡಿ ಕಲತೈತಿ. ನಿಮಗ ಒಪ್ಪೂ ಮೂಗು ಯಾವುದಂತ ಅದ ಹೇಳತೈತಿ."

ಪರದೆಯ ಮೇಲೆ ಮೂಡಿದ ಸುಂದರನನ್ನು ನೋಡಿ ದಾದಾಸಾಹೇಬನ ಕಣ್ಣು ತುಂಬಿ ಬಂತು. ಆಪರೇಶನ್ ಮುಗಿದು ಬಾವು ಇಳಿಯುವ ಹೊತ್ತಿಗೆ ಪರದೆಯ ಮೂಗೇ ಮುಖದ ಮೇಲೆ ಕೂತಿತ್ತು.

"ಲಕ್ಷ ಮುಖ ನೋಡಿದ್ರೇನಾತು, ನಮ್ಮ ಮನೆತನಾ ನೋಡೈತೇನು?" ಎಂದು ತಂದೆ ಬಾಳಗೌಡರು ಗೊಣಗಿದರು. ಅವರದೂ ಕಿರಿಮಗ ಸಂದೇಶನದೂ ಹಳೆಯ ಅಚ್ಚಿನ ಮೂಗೇ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕುತಾಯಿ ಓಡಿ ಬಂದಳು. ದಾದಾಸಾಹೇಬನ ಹಳೆಯ ಫೋಟೊವನ್ನು ಅವಳು ಎಂದೋ ರಾಯಬಾಗದ ಒಂದು ಮನೆಗೆ ಕಳಿಸಿದ್ದಳಂತೆ, ಆ ಮನೆಯ ರೂಪಾಲಿ ಒಪ್ಪಿದ್ದಾಳಂತೆ.

"ಹಳೇ ಮೂಗಿಗೇ ಒಪ್ಯಾಳಂದ್ರ ಹೊಸಾದಕ್ಕ ಹುಚ್ಚ ಆಗತಾಳ ನೋಡೊ ದಾದಾ."

ರವಿವಾರ ಸಂದೇಶ ಗಾಡಿ ಹೊಡೆದ, ಅಕ್ಕುತಾಯಿಯೂ ಸೇರಿ ನಾಲ್ವರೂ ರಾಯಬಾಗ ಮುಟ್ಟಿದರು. ಹೊತ್ತು ಮುಳುಗುವ ಮೊದಲೇ ಊಟವಾಗಲೆಂದು ಒಳಗೆ ಹೋಳಿಗೆ ಬೇಯುತ್ತಿತ್ತು. ರೂಪಾಲಿಯ ಅಜ್ಜಿ ರಾಜಮತಿ ಕನ್ನಡಕ ಏರಿಸಿ ಫೋಟೊ ನೋಡಿದಳು, ದಾದಾಸಾಹೇಬನನ್ನು ನೋಡಿದಳು.

"ಹುಡುಗ ಎಲ್ಲಿ ಅದಾನ್ರಿ?"

"ಇವನೇ ಹುಡುಗರಿ" ಎಂದರು ಬಾಳಗೌಡರು.

"ನಮ್ಮಕ್ಕನ ಮದವಿಯೊಳಗೂ ಹಿಂಗ ಆಗಿತ್ತು. ಚಂದನಾವನ್ನ ತೋರಿಸಿ, ಮುದುಕನ್ನ ತಂದು ನಿಲ್ಲಿಸಿದ್ರು."

ದಾದಾಸಾಹೇಬ ಗಡಬಡಿಸಿ ಆಧಾರ್ ಕಾರ್ಡ್ ತೆಗೆದು ಕೊಟ್ಟ. ಅದರಲ್ಲೂ ಹಳೆಯ ಮೂಗು. ರಾಜಮತಿಯ ಸಂಶಯ ಇನ್ನಷ್ಟು ಬಲಿಯಿತು. ಅಕ್ಕುತಾಯಿ ನಡುವೆ ಬಾಯಿ ಹಾಕಿದಳು.

"ಅದು ಕಂಪ್ಯೂಟರ್ ಕೊಟ್ಟ ಮೂಗರಿ ಆಯಿ."

"ಕಂಪ್ಯೂಟರ್‌ದಾಗ ಕಾರ್ಡ್ ಮಾಡೂದು ಕೇಳೇನಿ, ಮೂಗ ಮಾಡೂದು ಕೇಳಿಲ್ಲ."

"ಬೇಕಾದ್ರ ನೀವ ಜಗ್ಗಿ ನೋಡ್ರಿ" ಎಂದು ದಾದಾಸಾಹೇಬ ಮುಖ ಚಾಚಿದ. ಮುದುಕಿ ಸಂಕೋಚವಿಲ್ಲದೆ ಜಗ್ಗಿದಳು. ಅವನ ಕಣ್ಣಲ್ಲಿ ನೀರು ಬಂತು, ಮೂಗು ಮಾತ್ರ ಅಲುಗಲಿಲ್ಲ.

"ಗಟ್ಟಿ ಐತಿ. ಹುಟ್ಟಿದಾಗಿಂದ ಇರೂ ಮೂಗ ಇದು" ಎಂದು ತೀರ್ಪು ಕೊಟ್ಟಳು.

ಬಾಗಿಲ ಮರೆಯಿಂದ ರೂಪಾಲಿ ಮೆಲ್ಲಗೆ ಹೇಳಿದಳು: "ಆಯಿ, ಹುಡುಗ ಅಲ್ಲೇ ಕುಂತಾರಲ್ಲ. ಅವರನ್ನ ಯಾಕ ಡ್ರೈವರ್ ಮಾಡ್ಯಾರ?"

ಎಲ್ಲರೂ ಸಂದೇಶನತ್ತ ತಿರುಗಿದರು. ಅವನು "ನಾ ತಮ್ಮರಿ" ಎಂದ.

"ಯಾರ ತಮ್ಮ? ನಿಮ್ಮಿಬ್ಬರದೂ ಮುಖ ಎಲ್ಲಿ ಹೋಲತೈತಿ?" ಎಂದಳು ರಾಜಮತಿ.

ದಾದಾಸಾಹೇಬ ಬಾಗಿಲ ಕಡೆ ನೋಡಿದ. ರೂಪಾಲಿ ಸಂದೇಶನನ್ನೇ ನೋಡಿ ನಗುತ್ತಿದ್ದಳು. ಆ ಹಳೆಯ ಅಚ್ಚಿನ ಮೂಗನ್ನು ಕಂಡು ಒಬ್ಬ ಹುಡುಗಿ ಇಷ್ಟು ಸಂತೋಷಪಡುವುದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಸಂದೇಶನೂ ತಲೆ ತಗ್ಗಿಸಿ ನಗುತ್ತಿದ್ದ. ದಾದಾಸಾಹೇಬ ತಂದೆಯ ಕಿವಿಯಲ್ಲಿ, "ಸಂದೇಶಗ ಮಾತ ಮುಗಿಸಿಬಿಡ್ರಿ ಅಪ್ಪಾ" ಎಂದ.

ಮಾತು ಮುಗಿಯಿತು, ಹೋಳಿಗೆಯೂ ಆಯಿತು. ಹೊರಡುವಾಗ ರಾಜಮತಿ ದಾದಾಸಾಹೇಬನನ್ನು ಪಕ್ಕಕ್ಕೆ ಕರೆದು ಬೆನ್ನು ಸವರಿದಳು.

"ಇಷ್ಟ ಚಂದ ಅದೀ, ಮಂದಿ ಸಲುವಾಗಿ ಗೌಡರ ಮಗ ಅನ್ನೂ ಸೋಗು ಯಾಕ ಹಾಕ್ತೀಯೊ ಮಗನ? ಯಾರ ಮನಿಯಾಂವ ಅಂತ ಖರೇ ಹೇಳಿದ್ರ ನಿನಗೂ ಒಂದ ಹೆಣ್ಣ ನೋಡತಿದ್ನಲ್ಲ."